ಆಫೀಸಿಗೆ ಉಡುಪಿ ಸೀರೆ: ಉಟ್ಟು, ಒಗೆದು, ನೋಡಿ ಬರೆದದ್ದು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ದಿನಾ ಆಫೀಸಿಗೆ ಸೀರೆ ಉಡುವವರಿಗೆ, ಅದರಲ್ಲೂ ನಮ್ಮ ಕರಾವಳಿಯಂಥ ಬೆವರಿನ ಊರಲ್ಲಿ ಕೆಲಸ ಮಾಡುವವರಿಗೆ, 80 ಕೌಂಟಿನ (ಸಪೂರ ನೂಲಿನ) ಉಡುಪಿ ಕೈಮಗ್ಗದ ಸೀರೆಗಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಬೆಲೆ, ಮಳೆ, ಇಸ್ತ್ರಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹೇಳುತ್ತಿದ್ದೇನೆ. ಆದರೆ ಸೀರೆ ಒಂದೇ ಚೆನ್ನಾಗಿದ್ದರೆ ಸಾಲದು. ಒಳಲಂಗ, ರವಿಕೆ, ಫಾಲ್ (ಸೀರೆಯ ಬುಡಕ್ಕೆ ಒಳಗಿನಿಂದ ಹೊಲಿಯುವ ಪಟ್ಟಿ), ಗಂಜಿ ಇವೆಲ್ಲ ಸರಿಯಾಗಿ ಕೂಡಿದರೆ ಮಾತ್ರ ಬೆಳಿಗ್ಗೆ ಉಟ್ಟ ಸೀರೆ ಸಂಜೆಯವರೆಗೂ ಹಾಗೇ ನಿಲ್ಲುತ್ತದೆ. ಅದಕ್ಕೇ ಸೀರೆಯ ಜೊತೆ ಅವುಗಳ ಬಗ್ಗೆಯೂ ಬರೆಯುತ್ತೇನೆ.

ನನ್ನ ಕೆಲಸ ಎಂಥದ್ದು ಅಂತ ತಿಳಿದರೆ ನನ್ನ ಮಾತಿನ ತೂಕ ನಿಮಗೇ ಗೊತ್ತಾಗುತ್ತದೆ. ನಾನು ಮಂಗಳೂರಿನ ಒಂದು ವಿಮಾ ಕಚೇರಿಯಲ್ಲಿ ಕೌಂಟರಿನಲ್ಲಿ ಕೂರುತ್ತೇನೆ. ಮನೆ ಕಿನ್ನಿಗೋಳಿ ಹತ್ತಿರ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಸೀಟು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಕಂಬಿ ಹಿಡಿದು ನಿಂತೇ ಪ್ರಯಾಣ. ಕಟೀಲು, ಬಜಪೆ ದಾರಿಯ ತಿರುವುಗಳು ಗೊತ್ತಿದ್ದವರಿಗೆ ಗೊತ್ತು. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಇಳಿದು ಆಫೀಸಿಗೆ ನಡೆಯಬೇಕು. ಅಲ್ಲಿ ದಿನವಿಡೀ ಕುರ್ಚಿ. ನಡುನಡುವೆ ಎದ್ದು ಮೇಲಿನ ಕಪಾಟಿನಿಂದ ಫೈಲ್ ತೆಗೆಯಬೇಕು, ಕೆಳಗಿನ ಖಾನೆಗೆ ಬಗ್ಗಬೇಕು. ಎದುರಿಗೆ ಬರುವವರಲ್ಲಿ ಗಂಡನನ್ನು ಕಳೆದುಕೊಂಡು ಕ್ಲೇಮಿಗೆ ಬಂದವರಿರುತ್ತಾರೆ, ಮಗುವಿನ ಹೆಸರಲ್ಲಿ ಪಾಲಿಸಿ ಮಾಡಿಸಲು ಬಂದವರೂ ಇರುತ್ತಾರೆ. ಇಬ್ಬರ ಎದುರಿಗೂ ಒಂದೇ ಬಟ್ಟೆಯಲ್ಲಿ ಕೂರಬೇಕು. ತೀರಾ ಝಗಮಗ ಬೇಡ, ತೀರಾ ಸಪ್ಪೆಯೂ ಬೇಡ. ಒಪ್ಪವಾಗಿರಬೇಕು, ಅಷ್ಟೆ.

ಉಡುಪಿ ಸೀರೆ ಈ ಅಳತೆಗೆ ಸರಿಯಾಗಿ ಕೂರುತ್ತದೆ. ಹೆಸರು ಉಡುಪಿಯದ್ದಾದರೂ ನೇಯುವುದು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ. ಅಪ್ಪಟ ಹತ್ತಿ. ಸೀರೆಯ ಮೈಯಲ್ಲಿ ಒಂದೇ ಬಣ್ಣ ಅಥವಾ ಸಣ್ಣ ಚೌಕುಳಿ, ಕೆಲವದರಲ್ಲಿ ಅಕ್ಕಿ ಕಾಳಿನಷ್ಟು ಸಣ್ಣ ಬುಟ್ಟಾ, ಅಂದರೆ ನೇಯ್ಗೆಯಲ್ಲೇ ಮೂಡಿಸಿದ ಚಿತ್ತಾರ. ಅಂಚು ಮತ್ತು ಸೆರಗಿಗೆ ಮೈಗಿಂತ ಬೇರೆ ಬಣ್ಣ. ದೊಡ್ಡ ಜರಿ, ದೊಡ್ಡ ನವಿಲು, ದೊಡ್ಡ ಹೂವು ಇಲ್ಲ. ಕೌಂಟರಿನ ಹಿಂದೆ ಕೂತವಳ ಸೊಂಟದಿಂದ ಮೇಲಿನ ಭಾಗ ಮಾತ್ರ ಜನರಿಗೆ ಕಾಣುತ್ತದೆ. ಅಂದರೆ ಭುಜದ ಮೇಲಿನ ಸೆರಗಿನ ನೆರಿಗೆ, ಅದರ ಅಂಚು, ರವಿಕೆ. ಉಡುಪಿ ಸೀರೆಯ ಅಂದ ಇರುವುದೂ ಅಲ್ಲೇ. ತೆಳುವಾದ ಅಂಚು ಭುಜದಿಂದ ಸೊಂಟಕ್ಕೆ ನೇರ ಗೆರೆಯಾಗಿ ಇಳಿಯುತ್ತದೆ. ಆ ಒಂದು ಗೆರೆ ಸರಿಯಾಗಿದ್ದರೆ ಇಡೀ ಉಡುಗೆ ಅಚ್ಚುಕಟ್ಟಾಗಿ ಕಾಣುತ್ತದೆ.

ಈಗ ಕೌಂಟಿನ ವಿಷಯ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಕೇಳಬೇಕಾದ್ದು ಇದನ್ನೇ. ಕೌಂಟ್ ಅಂದರೆ ನೂಲು ಎಷ್ಟು ಸಪೂರ ಅನ್ನುವ ಲೆಕ್ಕ. 840 ಗಜ ನೂಲಿಗೆ ಒಂದು ಲಡಿ. ಒಂದು ಪೌಂಡ್ ತೂಕಕ್ಕೆ ಅಂಥ 40 ಲಡಿ ಬಂದರೆ 40 ಕೌಂಟ್, 80 ಬಂದರೆ 80 ಕೌಂಟ್. ಹಾಗಾಗಿ ಸಂಖ್ಯೆ ಜಾಸ್ತಿಯಾದಷ್ಟೂ ನೂಲು ಸಪೂರ, ಬಟ್ಟೆ ಹಗುರ. ನಮ್ಮ ಅಮ್ಮ, ಅಜ್ಜಿ ಮನೆಯಲ್ಲಿ ಉಡುತ್ತಿದ್ದದ್ದು ಹೆಚ್ಚಾಗಿ 40ರ ಸೀರೆ. ಗಟ್ಟಿ, ಎಷ್ಟು ಒಗೆದರೂ ಜಗ್ಗುವುದಿಲ್ಲ. ಗದ್ದೆ, ಹಟ್ಟಿ, ಅಡುಗೆಮನೆಗೆ ಅದೇ ಸರಿ. ಆದರೆ ಆಫೀಸಿಗೆ ಉಟ್ಟರೆ ಸೊಂಟದ ಹತ್ತಿರ ನೆರಿಗೆ ದಪ್ಪವಾಗಿ ಉಬ್ಬುತ್ತದೆ, ಕೂತಾಗ ಹೊಟ್ಟೆಯ ಮೇಲೆ ಒಂದು ಗಂಟಿನ ಹಾಗೆ ಕೂರುತ್ತದೆ. 60ರದ್ದು ಮಧ್ಯಮ. ಬೆಲೆ ಸ್ವಲ್ಪ ಕಡಿಮೆ, ಬಾಳಿಕೆಯೂ ಚೆನ್ನಾಗಿದೆ. ಮೊದಲ ಸಲ ಹತ್ತಿ ಸೀರೆ ಉಡುವವರು ಇದರಿಂದಲೇ ಶುರು ಮಾಡಬಹುದು. 80ರದ್ದು ನನಗೆ ಇಷ್ಟ. ನೆರಿಗೆ ಹಿಡಿದರೆ ಹಾಳೆಯ ಹಾಗೆ ಒಂದರ ಮೇಲೊಂದು ಕೂರುತ್ತವೆ. ಮೈಗೆ ಗಾಳಿ ಆಡುತ್ತದೆ, ಆದರೂ ಪಾರದರ್ಶಕ ಅಲ್ಲ. 100ರದ್ದೂ ಸಿಗುತ್ತದೆ, ಮುಟ್ಟಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಬಸ್ಸಿನ ನೂಕುನುಗ್ಗಲಿಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಅದು ಮೀಟಿಂಗ್ ಇದ್ದ ದಿನಕ್ಕೆ, ಯಾರಾದರೂ ಸ್ಕೂಟರಿನಲ್ಲಿ ಬಿಡುವ ದಿನಕ್ಕೆ.

ಹೊಸ ಸೀರೆ ಕೈಗೆ ಬಂದಾಗ ಸ್ವಲ್ಪ ಬಿರುಸಾಗಿರುತ್ತದೆ. ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಹೋಗುವ ಎಳೆಗಳಿಗೆ, ಗಂಜಿ ಹಾಕಿಯೇ ಮಗ್ಗಕ್ಕೆ ಏರಿಸುತ್ತಾರೆ, ಇಲ್ಲದಿದ್ದರೆ ಸಪೂರ ನೂಲು ನೇಯುವಾಗ ತುಂಡಾಗುತ್ತದೆ. ಅಂಗಡಿಯಲ್ಲಿ ಮುಟ್ಟಿ "ಇದು ಒರಟು" ಅಂತ ಬದಿಗಿಡಬೇಡಿ. ಎರಡು ಮೂರು ಸಲ ಒಗೆದ ಮೇಲೆಯೇ ಅದರ ನಿಜವಾದ ಮೆದು ಗೊತ್ತಾಗುವುದು. ನನ್ನ ಹಳೆಯ ಸೀರೆಗಳೇ ಈಗ ನನಗೆ ಹೆಚ್ಚು ಇಷ್ಟ. ಸಿಂಥೆಟಿಕ್ ಸೀರೆ ಮೊದಲ ದಿನ ಎಷ್ಟು ಚೆನ್ನಾಗಿರುತ್ತದೋ ಆಮೇಲೆ ಅದಕ್ಕಿಂತ ಚೆನ್ನಾಗುವುದಿಲ್ಲ. ಇದು ಒಗೆದಷ್ಟೂ ಮೈಗೆ ಹೊಂದಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ಬದಿಯ ಮಾತು. ಕೆಲಸದ ಬಟ್ಟೆಗೂ ನಮ್ಮ ಊರಿಗೂ ಹಳೆಯ ನಂಟಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹಂಚಿನ ಕಾರ್ಖಾನೆಯ ಹಾಗೇ ನೇಯ್ಗೆ ಕಾರ್ಖಾನೆಯನ್ನೂ ಇಲ್ಲಿ ನಡೆಸಿದರು. ಪೊಲೀಸರು ಹಾಕುವ ಖಾಕಿ ಬಟ್ಟೆಯನ್ನು ಇಲ್ಲಿ ನೇಯುತ್ತಿದ್ದರು. ಆ ಕಾರ್ಖಾನೆಗಳು ಈಗಿಲ್ಲ. ಆದರೆ ಬಟ್ಟೆ ಬಾಳಬೇಕು, ಬಣ್ಣ ನಿಲ್ಲಬೇಕು, ಉಟ್ಟವರಿಗೆ ಕೆಲಸ ಮಾಡಲು ಬರಬೇಕು ಅನ್ನುವ ಗುಣವನ್ನು ನಾನು ನಮ್ಮ ಕರಾವಳಿಯ ನೇಯ್ಗೆಯಲ್ಲಿ ಇವತ್ತಿಗೂ ಕಾಣುತ್ತೇನೆ.

ಎಲ್ಲಿ ಕೊಳ್ಳುವುದು? ನನಗೆ ಹತ್ತಿರದ್ದು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ. ಉಡುಪಿ ಸೀರೆಗೆ 2016ರಲ್ಲಿ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾನ್ಯತೆ ಸಿಕ್ಕಿದರೂ ಮಗ್ಗದಲ್ಲಿ ಕೂರುವವರು ಬೆರಳೆಣಿಕೆಯಷ್ಟೇ ಉಳಿದಿದ್ದರು, ಅವರೂ ವಯಸ್ಸಾದವರು. ಮಕ್ಕಳೆಲ್ಲ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಕಾರ್ಕಳದ ಕದಿಕೆ ಟ್ರಸ್ಟಿನವರು 2018ರಿಂದ ಈ ಸಂಘದ ಜೊತೆ ಸೇರಿ ಕೆಲಸ ಮಾಡಿದರು. ಹೊಸಬರಿಗೆ ನೇಯ್ಗೆ ಕಲಿಸಿದರು, ಸೀರೆಯನ್ನು ಊರಾಚೆಯವರಿಗೂ ತಲುಪಿಸಿದರು. ಈಗ ಅಲ್ಲಿ ಹೆಂಗಸರೂ ಮಗ್ಗದಲ್ಲಿ ಕೂತು ನೇಯುವುದನ್ನು ನೋಡುವುದೇ ಒಂದು ಖುಷಿ. ನಾನು ತಂದ ಸೀರೆಗಳ ಜೊತೆ ನೇಯ್ದವರ ಹೆಸರಿನ ಚೀಟಿ ಬಂದಿದೆ. ಅವನ್ನು ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಅಲ್ಲಿ ಒಬ್ಬ ಹಿರಿಯರು ಮಗ್ಗದ ಹತ್ತಿರ ನಿಂತು ನನಗೆ ಹೇಳಿದ್ದು ನೆನಪಿದೆ. "ಅಕ್ಕಾ, ಸೀರೆಯನ್ನು ಮಡಚಿ ನೋಡಬೇಡಿ. ಬಿಡಿಸಿ, ಬೆಳಕಿಗೆ ಹಿಡಿಯಿರಿ. ನೇಯ್ಗೆ ಒಂದೇ ಸಮ ಇದೆಯಾ ಅಂತ ಆಗ ಗೊತ್ತಾಗುತ್ತದೆ." ಅವತ್ತಿನಿಂದ ಯಾವ ಊರಿನ ಯಾವ ಸೀರೆಯನ್ನೂ ನಾನು ಹಾಗೇ ನೋಡುವುದು.

ಬೆಲೆ ಕೌಂಟಿನ ಮೇಲೆ, ಬುಟ್ಟಾದ ಮೇಲೆ, ಬಣ್ಣದ ಮೇಲೆ ಹೋಗುತ್ತದೆ. ನನ್ನ ಆಫೀಸಿನ ಸೀರೆಗಳಲ್ಲಿ ಯಾವುದಕ್ಕೂ ಮೂರು ಸಾವಿರದ ಮೇಲೆ ಕೊಟ್ಟಿಲ್ಲ. ಇದು ಜಾಸ್ತಿ ಅನ್ನುವವರು ಇದ್ದಾರೆ. ಮಾಲಿನಲ್ಲಿ ಅಷ್ಟೇ ದುಡ್ಡಿಗೆ ಮೂರು ಕುರ್ತಾ ಬರುತ್ತದಲ್ಲ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಕೇಳಿದ್ದರು. ಬರುತ್ತದೆ. ಆದರೆ ಕೈಮಗ್ಗದಲ್ಲಿ ಸರಳವಾದ ಒಂದು ಸೀರೆಗೂ ಒಂದೆರಡು ದಿನದ ಕೂಲಿ ಬೇಕು. ಅದಕ್ಕೂ ಮೊದಲು ನೂಲಿಗೆ ಬಣ್ಣ ಕೊಡುವುದು, ಹಾಸು ಮಾಡುವುದು, ಎಳೆ ಎಳೆ ಜೋಡಿಸುವುದು. ಅಲ್ಲಿ ಚೌಕಾಸಿ ಮಾಡಲು ನನಗೆ ಬಾಯಿ ಬರುವುದಿಲ್ಲ, ಮಾಡಬಾರದು ಅಂತಲೂ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

"ಉಡುಪಿ ಕಾಟನ್" ಅಂತ ಹೆಸರು ಹೇಳಿ ಪವರ್‌ಲೂಮಿನ ಸೀರೆ ಮಾರುವ ಅಂಗಡಿಗಳೂ ಇವೆ. ಇದು ಸರಿಯಲ್ಲ. ಯಾವ ಯಾವ ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು ಅನ್ನಲು 1985ರಲ್ಲೇ ಒಂದು ಕಾಯ್ದೆ ಬಂದಿದೆ, ಅದರಲ್ಲಿ ಸೀರೆಯೂ ಸೇರಿದೆ. ಗುರುತಿಸಲು ಕೆಲವು ದಾರಿಗಳಿವೆ. ಸೀರೆಯ ಎರಡೂ ಬದಿಯ ಕೊನೆಯಲ್ಲಿ, ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಕೋಲಿನ ಮುಳ್ಳು ಚುಚ್ಚಿದ ಸಣ್ಣ ಸಣ್ಣ ತೂತು ಕಾಣಬಹುದು. ನೇಯ್ಗೆ ಅಲ್ಲಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ, ಅದು ದೋಷ ಅಲ್ಲ. 2006ರಿಂದ ಇರುವ ಹ್ಯಾಂಡ್‌ಲೂಮ್ ಮಾರ್ಕಿನ (ಕೈಮಗ್ಗದ್ದೇ ಅನ್ನುವ ಸರ್ಕಾರಿ ಗುರುತಿನ) ಚೀಟಿ ಇದೆಯಾ ನೋಡಿ. ಪಾಲಿಯೆಸ್ಟರ್ ಬೆರೆಸಿದ್ದಾರಾ ಅಂತ ಅನುಮಾನ ಬಂದರೆ ಸೆರಗಿನ ಕುಚ್ಚಿನ ಒಂದು ಎಳೆ ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇದನ್ನು ಮನೆಗೆ ಬಂದ ಮೇಲೆ, ಸಿಂಕಿನ ಹತ್ತಿರ ಮಾಡಿ.

ಸೀರೆ ಆಯಿತು. ಇನ್ನು ರವಿಕೆ. ಅಚ್ಚುಕಟ್ಟಿಗೆ ಅರ್ಧ ಕಾರಣ ಇದೇ. ಪ್ರತಿ ಸೀರೆಗೆ ಒಂದೊಂದು ಮ್ಯಾಚಿಂಗ್ ರವಿಕೆ ಹೊಲಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಕಪ್ಪು, ಕುಂಕುಮದ ಕೆಂಪು, ಎಣ್ಣೆಗಪ್ಪು ಹಸಿರು, ಹಾಲುಬಿಳಿ, ಇಷ್ಟು ಬಣ್ಣದ ಸಾದಾ ಹತ್ತಿ ರವಿಕೆಗಳಿದ್ದರೆ ನನ್ನ ಎಲ್ಲ ಸೀರೆಗೂ ಯಾವುದಾದರೂ ಒಂದು ಹೊಂದುತ್ತದೆ. ಉಡುಪಿ ಸೀರೆಯ ಅಂಚಿನ ಬಣ್ಣ ಬೇರೆಯೇ ಇರುವುದರಿಂದ ಇದು ಸುಲಭ. ರವಿಕೆ ಅಂಚಿಗೆ ಹೊಂದಿದರೆ ಸಾಕು, ಸೀರೆಯ ಮೈಬಣ್ಣಕ್ಕೆ ಹೊಂದಬೇಕಿಲ್ಲ. ಬೆಳಿಗ್ಗೆ ಆರು ಗಂಟೆಗೆ ಕರೆಂಟ್ ಹೋಗಿ ಟಾರ್ಚಿನಲ್ಲಿ ಸೀರೆ ಆರಿಸುವಾಗ ಈ ಲೆಕ್ಕ ಎಷ್ಟು ಸಹಾಯ ಮಾಡುತ್ತದೆ ಅಂತ ಹೇಳಿ ಪೂರೈಸದು.

ಇದರ ಜೊತೆ ಗುಳೇದಗುಡ್ಡದ ಖಣದ್ದು, ಅಂದರೆ ಅಲ್ಲಿ ನೇಯುವ ಚಿತ್ತಾರದ ರವಿಕೆ ಬಟ್ಟೆಯದ್ದು, ಒಂದು ಇದೆ. ಸಾದಾ ಸೀರೆಗೆ ಖಣದ ರವಿಕೆ ತೊಟ್ಟರೆ ಬೇರೆ ಒಡವೆಯೇ ಬೇಡ. ಆಡಿಟ್ ನಡೆಯುವ ದಿನ, ಮೇಲಿನ ಆಫೀಸಿನಿಂದ ಯಾರಾದರೂ ಬರುವ ದಿನ ನಾನು ತೊಡುವುದು ಅದನ್ನೇ. ಆದರೆ ಚೌಕುಳಿ ಸೀರೆಗೆ ಖಣ ಬೇಡ. ಎರಡೂ ಮಾತಾಡಿದ ಹಾಗಾಗುತ್ತದೆ, ಯಾವುದೂ ಕೇಳಿಸುವುದಿಲ್ಲ.

ಹೊಲಿಸುವಾಗ ದರ್ಜಿಯ ಹತ್ತಿರ ನಾನು ಹೇಳುವ ಮಾತು ಯಾವಾಗಲೂ ಒಂದೇ. ತೋಳು ಮೊಣಕೈವರೆಗೆ. ಕುತ್ತಿಗೆ ಬೆನ್ನ ಕಡೆ ಮೇಲೆ ಇರಲಿ, ಬಗ್ಗಿದಾಗ ಎಳೆದುಕೊಳ್ಳಬೇಕಾಗಬಾರದು. ಕಂಕುಳ ಹತ್ತಿರ ಕೈ ಮೇಲೆತ್ತಲು ಆಗುವಷ್ಟು ಸಡಿಲ ಬೇಕು. ಅಳತೆ ಕೊಡುವಾಗಲೇ ಕೈ ಎತ್ತಿ ಬಸ್ಸಿನ ಕಂಬಿ ಹಿಡಿದ ಹಾಗೆ ನಿಂತು ತೋರಿಸುತ್ತೇನೆ. ಒಳಗೆ ಎರಡೂ ಬದಿ ಒಂದೊಂದು ಇಂಚು ಬಟ್ಟೆ ಬಿಡಲು ಹೇಳಿ, ಮುಂದೆ ಬಿಡಿಸಿಕೊಳ್ಳಲು ಬೇಕಾಗುತ್ತದೆ. ರವಿಕೆಯ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಫಾಲ್ ಕೂಡ ಹಾಗೇ. ನೆನೆಸದೆ ಹೊಲಿದ ಫಾಲ್ ಆಮೇಲೆ ಕುಗ್ಗಿ ಸೀರೆಯ ಅಂಚನ್ನು ಸುಕ್ಕುಗಟ್ಟಿಸುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಅದು ಹೋಗುವುದಿಲ್ಲ.

ಒಳಲಂಗ ಹತ್ತಿಯದ್ದೇ ಇರಲಿ. ಹತ್ತಿಗೆ ಹತ್ತಿ ಹಿಡಿದುಕೊಳ್ಳುತ್ತದೆ. ಸ್ಯಾಟಿನ್ ಮೇಲೆ ಉಟ್ಟರೆ ಬಸ್ಸಿನಲ್ಲಿ ನಿಂತಲ್ಲೇ ನೆರಿಗೆ ಜಾರುತ್ತದೆ. ಈಗ ಬರುವ ಮೈಗಂಟುವ ಫಿಶ್‌ಕಟ್ ಲಂಗ ನೋಡಲು ಚೆಂದ, ಆದರೆ ನಮ್ಮ ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಅದರಲ್ಲಿ ಆಗುವುದಿಲ್ಲ. ನಾನು ಬಲಬದಿಗೆ ಒಂದು ಜೇಬು ಇಡಿಸಿದ್ದೇನೆ, ನೆರಿಗೆಯ ಪಕ್ಕದಲ್ಲಿ ಕೈ ಹೋಗುವ ಹಾಗೆ. ಬಸ್ ಪಾಸು, ಡ್ರಾಯರಿನ ಕೀ ಎರಡೂ ಅಲ್ಲೇ. ಇದೊಂದು ಮಾತಿಗೆ ನನ್ನ ಸಹೋದ್ಯೋಗಿಗಳು ಇವತ್ತಿಗೂ ಥ್ಯಾಂಕ್ಸ್ ಹೇಳುತ್ತಾರೆ.

ಸೆರಗನ್ನು ಆಫೀಸಿಗೆ ಬಿಡಿಯಾಗಿ ಬಿಡುವುದಿಲ್ಲ. ನೆರಿಗೆ ಹಿಡಿದು ಭುಜಕ್ಕೆ ಪಿನ್ ಮಾಡುತ್ತೇನೆ. ಪಿನ್ನಿನ ಸುರುಳಿಯ ಕಡೆ ಒಂದು ಸಣ್ಣ ಗುಂಡಿ ಪೋಣಿಸಿದರೆ ಬಟ್ಟೆ ಪಿನ್ನಿನ ಸುರುಳಿಗೆ ಸಿಕ್ಕಿ ಹರಿಯುವುದಿಲ್ಲ. 80, 100ರ ಸೀರೆಗೆ ಇದು ಬೇಕೇ ಬೇಕು. ಬುಡದ ಉದ್ದವನ್ನು ನೆಲದಿಂದ ಒಂದು ಬೆರಳು ಮೇಲೆ ನಿಲ್ಲಿಸಿ. ಉಡುವ ಮೊದಲೇ ಚಪ್ಪಲಿ ಹಾಕಿಕೊಂಡರೆ ಉದ್ದ ಸರಿಯಾಗಿ ಸಿಗುತ್ತದೆ.

ಇನ್ನು ಗಂಜಿ. ಬಾಟಲಿಯಲ್ಲಿ ಸಿಗುವ ಸ್ಟಾರ್ಚ್ ಬಳಸಬಹುದು, ತಪ್ಪೇನಿಲ್ಲ. ಆದರೆ ಅನ್ನದ ತಿಳಿಯಷ್ಟು ಸಮವಾಗಿ ಅದು ಹಿಡಿಯುವುದಿಲ್ಲ ಅಂತ ನನ್ನ ಅನುಭವ. ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ: ಕುಚ್ಚಲಕ್ಕಿಯ ತಿಳಿ ಬೇಡ. ಅದರ ಕೆಂಪು, ತೆಳು ಬಣ್ಣದ ಸೀರೆಗಳಿಗೆ ಹತ್ತುತ್ತದೆ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ತಿಳಿಯೇ ಬೇಕು. ಉಪ್ಪು ಹಾಕುವ ಮೊದಲು ಬಸಿದು, ತೆಳು ಬಟ್ಟೆಯಲ್ಲಿ ಸೋಸಿ, ಒಂದು ಪಾಲಿಗೆ ನಾಲ್ಕೈದು ಪಾಲು ನೀರು ಸೇರಿಸಿ. ಆಫೀಸಿನ ಸೀರೆಗೆ ತೆಳು ಗಂಜಿ ಸಾಕು. ದಪ್ಪ ಗಂಜಿ ಹಾಕಿದರೆ ಕೂತಲ್ಲಿ ಗೆರೆ ಬೀಳುತ್ತದೆ, ಎದ್ದಾಗ ಹಿಂದೆ ಆ ಗೆರೆ ಹಾಗೇ ನಿಂತಿರುತ್ತದೆ. ಸೀರೆಯನ್ನು ಮೊದಲು ಬರೀ ನೀರಲ್ಲಿ ಒದ್ದೆ ಮಾಡಿ ಆಮೇಲೆ ಗಂಜಿಯಲ್ಲಿ ಅದ್ದಿ, ಆಗ ಕಲೆ ಕಲೆಯಾಗಿ ಹಿಡಿಯುವುದಿಲ್ಲ. ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗುವ ಮೊದಲೇ, ಕೈಗೆ ತಂಪು ತಾಗುತ್ತಿರುವಾಗಲೇ ಇಸ್ತ್ರಿ ಹಾಕಿ. ಭಾನುವಾರ ಮಧ್ಯಾಹ್ನ ನಾನು ಇಡೀ ವಾರದ್ದು ಮುಗಿಸುತ್ತೇನೆ. ಪುರುಸೊತ್ತಿಲ್ಲದವರು ಇಸ್ತ್ರಿ ಅಂಗಡಿಗೆ ಕೊಡಿ, ಆದರೆ ಅಂಚಿನ ಮೇಲೆ ನೀರು ಚಿಮುಕಿಸಿಯೇ ಹಾಕಲು ಹೇಳಿ.

ಮಳೆಗಾಲದ ಮಾತು ಹೇಳದೆ ಕರಾವಳಿಯಲ್ಲಿ ಯಾವ ಬಟ್ಟೆಯ ವಿಮರ್ಶೆಯೂ ಮುಗಿಯುವುದಿಲ್ಲ, ಅಲ್ವಾ? ಜೂನ್, ಜುಲೈಯಲ್ಲಿ ಹತ್ತಿ ಸೀರೆ ಕಷ್ಟವೇ. ಬುಡ ಒದ್ದೆಯಾದರೆ ಮಧ್ಯಾಹ್ನದವರೆಗೆ ಆರುವುದಿಲ್ಲ, ಕಾಲಿಗೆ ತಣ್ಣಗೆ ಅಂಟುತ್ತದೆ. ಒಗೆದದ್ದು ಒಣಗಲು ಎರಡು ದಿನ ಬೇಕು, ಒಂದು ಬಗೆಯ ಮುಗ್ಗು ವಾಸನೆ ಬರುತ್ತದೆ. ಜೋರು ಮಳೆಯ ದಿನ ನಾನು ಚೂಡಿದಾರ ಹಾಕುತ್ತೇನೆ, ಇಲ್ಲದಿದ್ದರೆ ಬೇಗ ಒಣಗುವ ಜಾರ್ಜೆಟ್ ಸೀರೆ. ಅದಕ್ಕೆ ಸಂಕೋಚ ಬೇಕಿಲ್ಲ. ಮಳೆ ಸ್ವಲ್ಪ ಹೊಳವಾದ ದಿನ ಗಾಢ ಬಣ್ಣದ 60 ಕೌಂಟ್, ಗಂಜಿ ಇಲ್ಲದೆ. ಗಂಜಿ ಹಾಕಿದ ಸೀರೆಯನ್ನು ಮಳೆಗಾಲದಲ್ಲಿ ಕಪಾಟಿನಲ್ಲಿ ಇಡಲೇಬೇಡಿ. ಬೂಸ್ಟು ಹಿಡಿಯುತ್ತದೆ, ಗಂಜಿಯ ಆಸೆಗೆ ಹುಳ ಬಂದು ತಿನ್ನುತ್ತದೆ. ಮೇ ಕೊನೆಯಲ್ಲಿ ಎಲ್ಲವನ್ನೂ ಒಗೆದು, ಗಂಜಿ ಪೂರ್ತಿ ಬಿಡಿಸಿ, ಬಿಸಿಲಿನ ದಿನ ಒಣಗಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡುತ್ತೇನೆ. ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಆಫೀಸಿನ ಡ್ರಾಯರಿನಲ್ಲಿ ಒಂದು ಜೊತೆ ಒಣ ಚಪ್ಪಲಿ ಇರಲಿ, ಬಸ್ಸಿಗೆ ರಬ್ಬರಿನದ್ದು ಸಾಕು.

ಅಡಿಕೆ ಚೊಗರಿನ ಸೀರೆಗೆ ಬೇರೆ ಪ್ಯಾರಾವೇ ಬೇಕು. ಅಡಿಕೆ ಬೇಯಿಸಿದಾಗ ಉಳಿಯುವ ಗಾಢ ಕೆಂಪು ನೀರು ಚೊಗರು. ಅದರಿಂದ ನೂಲಿಗೆ ಬಣ್ಣ ಕೊಟ್ಟು ನೇಯ್ದ ಸೀರೆಗಳನ್ನು ಕದಿಕೆಯವರು ತಂದರು. ಆ ಕೆಂಪುಗಂದು ಬಣ್ಣ ಕ್ಯಾಮೆರಾದಲ್ಲಿ ಸರಿಯಾಗಿ ಬರುವುದಿಲ್ಲ, ಕಣ್ಣಲ್ಲೇ ನೋಡಬೇಕು. ಆಫೀಸಿಗೆ ಇದಕ್ಕಿಂತ ಗಂಭೀರ ಬಣ್ಣ ಇಲ್ಲ ಅಂತ ನನಗನ್ನಿಸುತ್ತದೆ. ಹಾಲುಬಿಳಿ ರವಿಕೆ, ಸಣ್ಣ ಓಲೆ, ಮುಗಿಯಿತು. ಆದರೆ ಇದನ್ನು ನೋಡಿಕೊಳ್ಳುವ ರೀತಿ ಬೇರೆ. ವಾಷಿಂಗ್ ಪೌಡರ್ ಬೇಡ, ಅಂಟುವಾಳದ ನೀರಲ್ಲಿ ಒಗೆಯಿರಿ. ನೇರ ಬಿಸಿಲಲ್ಲಿ ಹಾಕಿದರೆ ಬಣ್ಣ ಮಾಸುತ್ತದೆ. ಚೊಗರಿನ ಒಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ತುಕ್ಕು ಹಿಡಿದ ಸೇಫ್ಟಿ ಪಿನ್ ಚುಚ್ಚಿ ಬಿಟ್ಟರೆ, ಬೆವರಿನ ಒದ್ದೆಗೆ ಅಲ್ಲಿ ಕಪ್ಪು ಕಲೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ತುಕ್ಕು ಹಿಡಿಯದ ಸ್ಟೀಲಿನ ಪಿನ್ ಅಥವಾ ಹಿತ್ತಾಳೆಯದ್ದು ಬಳಸಿ. ಮನೆಗೆ ಬಂದ ಕೂಡಲೇ ತೆಗೆದಿಡಿ. ಒಣಗಿಸಲು ಕಬ್ಬಿಣದ ತಂತಿಯೂ ಬೇಡ, ಹಗ್ಗ ಕಟ್ಟಿಕೊಳ್ಳಿ. ದಿನಾ ಉಡುವವರಿಗೆ ಇಷ್ಟು ಉಪಚಾರ ಕಷ್ಟ ಅನ್ನಿಸಿದರೆ ಮಾಮೂಲಿ ಬಣ್ಣದ್ದನ್ನೇ ತೆಗೆದುಕೊಳ್ಳಿ. ಅದನ್ನೂ ಮೊದಲ ಎರಡು ಮೂರು ಸಲ ತಣ್ಣೀರಲ್ಲಿ ಬೇರೆಯಾಗಿಯೇ ಒಗೆಯಿರಿ.

ಬೇರೆ ಸೀರೆಗಳಿಗೆ ಹೋಲಿಸಿದರೆ? ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಇಳಕಲ್ ಬಿಟ್ಟು ಬೇರೆ ಉಡುವುದಿಲ್ಲ. "ನಿಮ್ಮ ಸೀರಿ ಹಗರ ಐತ್ರೀ, ಖರೇ. ಆದ್ರ ಇಳಕಲ್ ಉಟ್ರ ಒಂದು ತೂಕ ಇರ್ತದ, ಗಾಳಿಗೆ ಹಾರಂಗಿಲ್ಲ" ಅನ್ನುತ್ತಾರೆ. ಅವರ ಮಾತು ಸರಿ. ಇಳಕಲ್ಲಿನ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೀರೆಯ ಮೈಯ ಎಳೆಗಳಿಗೆ ಜೋಡಿಸುವ ರೀತಿಯೇ ಬೇರೆ, ಕೆಂಪು ಸೆರಗಿನ ತೋಪು ತೆನೆ ಅನ್ನುವ ಚಿತ್ತಾರದ ಚೆಂದವೇ ಬೇರೆ. ಇಡೀ ದಿನ ಎಸಿಯಲ್ಲಿ ಕೂರುವವರಿಗೆ, ಬೆಂಗಳೂರಿನಂಥ ತಂಪು ಊರಿನವರಿಗೆ ಇಳಕಲ್ ಒಳ್ಳೆಯ ಆಯ್ಕೆ. ಆದರೆ ಸೆರಗಿನ ರೇಷ್ಮೆ ನಮ್ಮ ಏಪ್ರಿಲ್ ಬೆವರಿಗೆ ಕುತ್ತಿಗೆ ಹತ್ತಿರ ಬಿಸಿಯಾಗುತ್ತದೆ, ದಿನಾ ಒಗೆಯಲೂ ಬರುವುದಿಲ್ಲ. ಅವರೂ ಈಗ ಮಾರ್ಚ್, ಏಪ್ರಿಲ್, ಮೇಯಲ್ಲಿ ಉಡುಪಿ ಸೀರೆಗೆ ಬಂದಿದ್ದಾರೆ. ಉಳಿದ ತಿಂಗಳು ನಾನು ಅವರ ಇಳಕಲ್ಲನ್ನು ನೋಡಿ ಖುಷಿಪಡುತ್ತೇನೆ.

ಆಫೀಸಿಗೆ ಸೀರೆ ಯಾಕೆ, ಪ್ಯಾಂಟು ಶರ್ಟು ಸುಲಭ ಅಲ್ವಾ ಅಂತ ನಮ್ಮ ಶಾಖೆಗೆ ಹೊಸದಾಗಿ ಬಂದ ಹುಡುಗಿಯರು ಕೇಳುತ್ತಾರೆ. ಸುಲಭವೇ. ಯಾರಿಗೆ ಯಾವುದು ಆರಾಮೋ ಅದು. ಸೀರೆಯೇ ಉಡಬೇಕು ಅಂತ ಯಾರ ಮೇಲೂ ಹೇರಬಾರದು. ಆದರೆ ಸೀರೆ ಉಡಲು ಆಸೆ ಇದ್ದೂ "ದಿನಾ ಯಾರಿಗೆ ಸಾಧ್ಯ" ಅಂತ ಬಿಟ್ಟವರು ತುಂಬಾ ಜನ ಇದ್ದಾರೆ. ಅವರು ಭಾರದ ಸೀರೆ ಉಟ್ಟು ನೋಡಿ ಬಿಟ್ಟಿರುತ್ತಾರೆ. ಹಗುರದ್ದು ಉಟ್ಟಿರುವುದಿಲ್ಲ. ವಾರಕ್ಕೆ ಒಂದು ದಿನ, ಶನಿವಾರದಂಥ ಅರ್ಧ ದಿನದ ಕೆಲಸವಿದ್ದರೆ ಆ ದಿನ, ಶುರು ಮಾಡಿ. ಕೈ ಕೂತ ಮೇಲೆ ಉಡಲು ಐದು ನಿಮಿಷ ಸಾಕು.

ಮೊದಲ ಸೀರೆ ಯಾವುದು ತೆಗೆದುಕೊಳ್ಳುವುದು ಅಂದರೆ, ನನ್ನ ಸಲಹೆ: 80 ಕೌಂಟ್, ಬೂದಿ ಅಥವಾ ಕಡುನೀಲಿ ಮೈ, ಕುಂಕುಮದ ಬಣ್ಣದ ತೆಳು ಅಂಚು, ಬುಟ್ಟಾ ಇಲ್ಲದ್ದು. ಎರಡನೆಯದಕ್ಕೆ ಸಣ್ಣ ಚೌಕುಳಿ ನೋಡಿ, ಅದರಲ್ಲಿ ಸಣ್ಣಪುಟ್ಟ ಕಲೆ, ಸುಕ್ಕು ಕಾಣುವುದಿಲ್ಲ. ರವಿಕೆ ಬಟ್ಟೆ ಸೀರೆಯಲ್ಲೇ ಸೇರಿದೆಯಾ ಅಂತ ಕೇಳಿಕೊಳ್ಳಿ, ಉದ್ದದಲ್ಲಿ ವ್ಯತ್ಯಾಸ ಬರುತ್ತದೆ. ಎತ್ತರ ಇರುವವರು ಸೀರೆಯ ಅಗಲವನ್ನೂ ಸೊಂಟದಿಂದ ಪಾದಕ್ಕೆ ಹಿಡಿದು ನೋಡಿ. ಹೋಗುವಾಗ ನಿಮ್ಮ ಕಪ್ಪು ರವಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಚಿನ ಪಕ್ಕ ಇಟ್ಟು, ಟ್ಯೂಬ್‌ಲೈಟ್ ಬೆಳಕು ನಂಬದೆ, ಬಾಗಿಲ ಹತ್ತಿರ ಹಗಲಿಗೆ ಹಿಡಿದು ನೋಡಿ ಆಮೇಲೆ ಬಿಲ್ ಮಾಡಿಸಿ.